ಹವಳದ ಬಂಡೆಯ ಮೀನುಗಳೂ ನಮ್ಮ ಮನೆಯ ಮಕ್ಕಳೂ



ಅಲ್ಲಾಹನು ತನ್ನ ದೃಷ್ಟಾಂತಗಳನ್ನು ಗ್ರಂಥದ ಪುಟಗಳಲ್ಲಿ ಮಾತ್ರ ಇಟ್ಟಿಲ್ಲ. ಆಕಾಶದಲ್ಲಿಯೂ ಭೂಮಿಯಲ್ಲಿಯೂ ಸಮುದ್ರದ ಆಳದಲ್ಲಿಯೂ ಅವುಗಳನ್ನು ಹರಡಿದ್ದಾನೆ. ಪವಿತ್ರ ಕುರ್‌ಆನ್ ನಮ್ಮನ್ನು ಮತ್ತೆ ಮತ್ತೆ ಸಮುದ್ರದ ದಡಕ್ಕೆ ಕರೆದೊಯ್ಯುತ್ತದೆ. ನಮಗೆ ತಾಜಾ ಆಹಾರವೂ ತೊಡುವ ಆಭರಣಗಳೂ ದೊರೆಯುವಂತೆ ಆ ಸಮುದ್ರವನ್ನು ಅಧೀನಗೊಳಿಸಿ ಕೊಟ್ಟವನು ಯಾರೆಂದು ನೆನಪಿಸುತ್ತದೆ (ಅನ್ನಹ್ಲ್: 14). ಅಲ್ ಅನ್‌ಆಮ್ ಅಧ್ಯಾಯದ 38ನೆಯ ಸೂಕ್ತವು ಭೂಮಿಯ ಮೇಲೆ ಚಲಿಸುವ ಜೀವಿಗಳೂ ಹಾರುವ ಹಕ್ಕಿಗಳೂ ನಮ್ಮ ಹಾಗೆಯೇ ಸಮುದಾಯಗಳೆಂದು ತಿಳಿಸುತ್ತದೆ. ಅಲ್ಲಿ ಬಳಕೆಯಾಗಿರುವ ಪದ 'ಉಮಮ್'. ನಾವು ನಮ್ಮನ್ನು ಕರೆದುಕೊಳ್ಳುವ 'ಉಮ್ಮತ್' ಎಂಬ ಪದದ ಬಹುವಚನವೇ ಅದು. ಜೀವಿಗಳಿಗೂ ಒಂದು ಸಮುದಾಯ ಜೀವನವಿದೆ, ಅದಕ್ಕೊಂದು ಶಿಸ್ತಿದೆ ಎಂದ ಮೇಲೆ, ಅದನ್ನು ಗಮನವಿಟ್ಟು ನೋಡುವುದು ಸತ್ಯವಿಶ್ವಾಸಿಗೆ ಕೇವಲ ಕುತೂಹಲದ ವಿಷಯವಲ್ಲ.

ಕರಾವಳಿಯ ಓದುಗರಿಗೆ ಮೀನಿನ ಹಿಂಡು ಹೊಸದಲ್ಲ. ದಡದಲ್ಲಿ ನಿಂತು ರಂಪಣಿ ಬಲೆ ಎಳೆದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ನೀರಿನ ಬಣ್ಣ ಬದಲಾದುದನ್ನು ಕಂಡೇ ಬಂಗುಡೆಯ ಹಿಂಡು ಬಂದಿದೆಯೆಂದು ಹೇಳಬಲ್ಲವರು ಅವರು. ಹವಳದ ಬಂಡೆಗಳೂ ನಮಗೆ ತೀರಾ ದೂರವಲ್ಲ. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ, ಅದನ್ನು ಆಶ್ರಯಿಸಿ ಬದುಕುವ ಬಣ್ಣ ಬಣ್ಣದ ಮೀನುಗಳಿವೆ. ಲಕ್ಷದ್ವೀಪವಂತೂ ಹವಳದ ಮೇಲೆಯೇ ನಿಂತ ನಾಡು. ಅಲ್ಲಿನ ಅಮಿನ್‌ದಿವಿ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.

ಆದರೆ ಇಂಥ ಮೀನುಗಳ ನಡೆಯನ್ನು ಬಹಳ ತಾಳ್ಮೆಯಿಂದ ಗಮನಿಸಿದ ಒಂದು ಅಧ್ಯಯನ ನಡೆದುದು ನಮ್ಮ ಸಮುದ್ರದಲ್ಲಲ್ಲ, ದೂರದ ಕೆರಿಬಿಯನ್ ಸಮುದ್ರದ ಸೇಂಟ್ ಕ್ರಾಯ್ ಎಂಬ ದ್ವೀಪದಲ್ಲಿ. ಅದನ್ನು ನಿಮ್ಮ ಮುಂದಿಡುವ ಉದ್ದೇಶ ಒಂದೇ. ಮಕ್ಕಳಿರುವ ಪ್ರತಿಯೊಂದು ಮನೆಗೂ ಅದರಲ್ಲಿ ಒಂದು ಎಚ್ಚರಿಕೆಯಿದೆ.

ಸಂಜೆಯ ಪಯಣ

ಆ ದ್ವೀಪದ ಹವಳದ ಬಂಡೆಗಳಲ್ಲಿ ಫ್ರೆಂಚ್ ಗ್ರಂಟ್ ಎಂಬ ಮೀನು ವಾಸಿಸುತ್ತದೆ. ಮೈಮೇಲೆ ಹಳದಿ ಪಟ್ಟೆಗಳಿರುವ, ಅಂಗೈಯುದ್ದಕ್ಕಿಂತ ಸ್ವಲ್ಪ ದೊಡ್ಡದಾಗಿ ಬೆಳೆಯುವ ಸಾಧಾರಣ ಮೀನು. ಗಂಟಲಿನೊಳಗಿನ ಹಲ್ಲುಗಳನ್ನು ಉಜ್ಜಿ ಗೊರಗೊರ ಸದ್ದು ಮಾಡುವುದರಿಂದ ಅದಕ್ಕೆ ಆ ಹೆಸರು ಬಂದಿದೆ.

ಈ ಜಾತಿಯ ಎಳೆಯ ಮೀನುಗಳು ಹಗಲೆಲ್ಲ ಒಂದು ನಿಶ್ಚಿತ ಹವಳದ ಬಳಿ ಗುಂಪಾಗಿ ನಿಂತಿರುತ್ತವೆ. ಆಹಾರ ಹುಡುಕಲು ಹೋಗುವುದಿಲ್ಲ. ಸೂರ್ಯ ಮುಳುಗಿ ಬೆಳಕು ಮಂದವಾಗುತ್ತಿದ್ದಂತೆ ಹಿಂಡಿನಲ್ಲಿ ಚಲನೆ ಮೂಡುತ್ತದೆ. ಅಲ್ಲಲ್ಲಿ ಚದುರಿದ್ದವು ಬಂಡೆಯ ಅಂಚಿನ ಒಂದು ಗೊತ್ತಾದ ಜಾಗದಲ್ಲಿ ಸೇರುತ್ತವೆ. ಆಮೇಲೆ ಸಾಲಾಗಿ, ಗೊತ್ತಾದ ದಾರಿಯಲ್ಲಿ, ಸಮುದ್ರದ ಹುಲ್ಲು ಬೆಳೆದ ಬಯಲಿನ ಕಡೆಗೆ ಹೊರಡುತ್ತವೆ. ಅಲ್ಲಿಗೆ ತಲುಪಿದ ಬಳಿಕ ಚದುರಿ, ರಾತ್ರಿಯೆಲ್ಲ ಮರಳಿನಲ್ಲಿ ಅಡಗಿರುವ ಹುಳು ಮತ್ತು ಸಣ್ಣ ಸಿಗಡಿಯಂಥ ಜೀವಿಗಳನ್ನು ತಿನ್ನುತ್ತವೆ. ಬೆಳಗಿನ ಜಾವ, ಸೂರ್ಯೋದಯಕ್ಕೆ ಮುಂಚೆ, ಮತ್ತೆ ಒಟ್ಟುಗೂಡಿ ಹೋದ ದಾರಿಯಲ್ಲೇ ಹಿಂತಿರುಗಿ ತಮ್ಮ ಹಳೆಯ ಹವಳದ ಬಳಿ ನಿಲ್ಲುತ್ತವೆ.

ಜಾನ್ ಆಗ್ಡನ್ ಮತ್ತು ಪಾಲ್ ಎರ್ಲಿಕ್ ಎಂಬ ವಿಜ್ಞಾನಿಗಳು 1977ರಲ್ಲಿ ಈ ಪಯಣದ ವಿವರಗಳನ್ನು ಪ್ರಕಟಿಸಿದರು. ಹಿಂಡು ನಿಲ್ಲುವ ಜಾಗವೂ ಅದು ಸಾಗುವ ದಾರಿಯೂ ವರ್ಷಗಟ್ಟಲೆ ಬದಲಾಗದೆ ಉಳಿಯುತ್ತವೆ ಎಂಬುದು ಅವರಿಗೆ ಕಂಡುಬಂತು. ಹೊರಡುವ ಹೊತ್ತನ್ನು ತಿಳಿಸುವುದು ಬೆಳಕು. ಆಕಾಶದ ಬೆಳಕು ಇಷ್ಟಕ್ಕೆ ಇಳಿದಾಗ ಹೊರಡಬೇಕು, ಇಷ್ಟಕ್ಕೆ ಏರಿದಾಗ ಮರಳಬೇಕು ಎಂಬ ನಿಯಮದಂತೆ ದಿನವೂ ಅವು ನಡೆಯುತ್ತವೆ.

ಓದುಗರೇ, ಮಗ್ರಿಬ್ ಮತ್ತು ಸುಬ್‌ಹಿ ನಮಾಝ್‌ಗಳ ಸಮಯವನ್ನು ನಮಗೂ ಬೆಳಕೇ ತಿಳಿಸುತ್ತದೆಯಲ್ಲವೇ? ಮೀನಿಗಿರುವುದು ಅಲ್ಲಾಹನು ಕೊಟ್ಟ ಸ್ವಭಾವ. ನಮ್ಮ ಮೇಲಿರುವಂಥ ಹೊಣೆ ಅದರ ಮೇಲಿಲ್ಲ. ಆದರೂ ಅದು ಹೊತ್ತು ತಪ್ಪಿಸುವುದಿಲ್ಲ. ಹೊಣೆ ಹೊತ್ತ ನಮ್ಮಲ್ಲಿ ಎಷ್ಟು ಮಂದಿಯ ಸುಬ್‌ಹಿ ಸಮಯಕ್ಕೆ ಸರಿಯಾಗಿ ನಡೆಯುತ್ತಿದೆ?

ದಾರಿ ಕಲಿಸಿದವರು ಯಾರು?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆ ದಾರಿ ಮೀನಿಗೆ ಹುಟ್ಟಿನಿಂದಲೇ ಗೊತ್ತಿರುತ್ತದೆಯೇ, ಇಲ್ಲವೆ ಯಾರಾದರೂ ಕಲಿಸುತ್ತಾರೆಯೇ?

ಇದನ್ನು ತಿಳಿಯಲು ಜೀನ್ ಹೆಲ್ಫ್‌ಮನ್ ಮತ್ತು ಎರಿಕ್ ಶುಲ್ಟ್ಸ್ ಎಂಬ ವಿಜ್ಞಾನಿಗಳು ಸೇಂಟ್ ಕ್ರಾಯ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಅದರ ಫಲಿತಾಂಶ 1984ರಲ್ಲಿ ಪ್ರಕಟವಾಯಿತು. ಒಂದು ಹವಳದ ಬಳಿ ಇದ್ದ ಕೆಲವು ಮೀನುಗಳನ್ನು ಹಿಡಿದು, ಗುರುತು ಮಾಡಿ, ಬೇರೊಂದು ಹವಳದ ಬಳಿ ಬಿಟ್ಟರು. ಅಲ್ಲಿ ಮೊದಲೇ ನೆಲೆಸಿದ್ದ ಹಿಂಡೊಂದಿತ್ತು. ಹೊಸಬರು ಸಂಜೆ ಆ ಹಳಬರ ಹಿಂದೆ ಹೋದರು, ಬೆಳಗಿನ ಜಾವ ಅವರ ಜೊತೆಗೇ ಮರಳಿದರು. ಹೀಗೆ ಕೆಲವು ದಿನ ಹಿಂಬಾಲಿಸಿದ ಬಳಿಕ ಹಳಬರನ್ನೆಲ್ಲ ಅಲ್ಲಿಂದ ತೆಗೆಯಲಾಯಿತು. ಸಂಜೆಯಾಯಿತು. ಹೊಸಬರು ಹಳಬರ ದಾರಿಯಲ್ಲೇ ಹೊರಟರು, ಅದೇ ಜಾಗಕ್ಕೆ ಹಿಂತಿರುಗಿದರು.

ಇನ್ನೊಂದು ಗುಂಪಿನ ಮೀನುಗಳಿಗೆ ಮುಂದೆ ಸಾಗುವವರು ಯಾರೂ ಸಿಗದಂತೆ ಮಾಡಲಾಗಿತ್ತು. ಹಳಬರಿಲ್ಲದ ಹವಳದ ಬಳಿ ಅವುಗಳನ್ನು ಬಿಡಲಾಯಿತು. ಸಂಜೆಯಾದಾಗ ಅವುಗಳ ಚಲನೆಗೆ ಆ ನಿಶ್ಚಿತ ದಿಕ್ಕು ಇರಲಿಲ್ಲ. ಅದೇ ಜಾತಿ, ಅದೇ ಕಣ್ಣು, ಅದೇ ಈಜುವ ಶಕ್ತಿ. ಇಲ್ಲದಿದ್ದುದು ಒಂದೇ: ಮುಂದೆ ಸಾಗುವವರು.

ಈ ಸಣ್ಣ ಪ್ರಯೋಗವನ್ನು ನಿಮ್ಮ ಮನೆಯೊಳಗೆ ತಂದು ನೋಡಿರಿ. ಹೊರಡುವ ತುಡಿತ ಮೀನಿನ ಸ್ವಭಾವದಲ್ಲಿದೆ, ದಾರಿ ಮಾತ್ರ ಹಿರಿಯರಿಂದ ಬರುತ್ತದೆ. ಪ್ರತಿಯೊಂದು ಮಗುವೂ ಶುದ್ಧ ಪ್ರಕೃತಿಯಲ್ಲಿ ಹುಟ್ಟುತ್ತದೆ, ಅದನ್ನು ಬೇರೆ ಬೇರೆ ದಾರಿಗೆ ತಿರುಗಿಸುವವರು ತಂದೆತಾಯಿಗಳು ಎಂದು ಪ್ರವಾದಿವರ್ಯರು (ಸ) ತಿಳಿಸಿರುವುದನ್ನು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ್ದಾರೆ. ಸೃಷ್ಟಿಕರ್ತನತ್ತ ತಿರುಗುವ ತುಡಿತ ನಮ್ಮ ಮಕ್ಕಳಲ್ಲಿದೆ. ಆದರೆ ಅಬ್ದುಲ್ಲಾ ಎಂದೋ ಫಾತಿಮಾ ಎಂದೋ ಹೆಸರಿಟ್ಟ ಮಾತ್ರಕ್ಕೆ ದಾರಿ ರಕ್ತದಲ್ಲಿ ಹರಿದು ಬರುವುದಿಲ್ಲ. ಮುಂದೆ ಯಾರಾದರೂ ನಡೆಯಬೇಕು.

ಮಾಲಿಕ್ ಬಿನ್ ಹುವೈರಿಸ್‌ (ರ) ಮತ್ತು ಅವರ ಗೋತ್ರದ ಕೆಲವು ತರುಣರು ಪ್ರವಾದಿಯವರ (ಸ) ಬಳಿಗೆ ಬಂದು ಇಪ್ಪತ್ತು ರಾತ್ರಿಗಳ ಕಾಲ ತಂಗಿದ್ದರು. ಅವರು ಮನೆಯವರನ್ನು ನೆನೆಯುತ್ತಿದ್ದಾರೆಂದು ಅರಿತು, ಕರುಣಾಳುವಾದ ಪ್ರವಾದಿವರ್ಯರು (ಸ) ಅವರನ್ನು ಊರಿಗೆ ಕಳುಹಿಸಿದರು. ಕಳುಹಿಸುವಾಗ ಮನೆಯವರಿಗೆ ಕಲಿಸಲು ಹೇಳಿದರು. ತಾನು ನಮಾಝ್ ಮಾಡುವುದನ್ನು ಕಂಡ ಹಾಗೆಯೇ ನಮಾಝ್ ಮಾಡಬೇಕೆಂದು ಆದೇಶಿಸಿದರು (ಬುಖಾರಿ). ಗಮನಿಸಿರಿ, ಕೇಳಿದ ಹಾಗೆ ಎನ್ನಲಿಲ್ಲ, ಕಂಡ ಹಾಗೆ ಎಂದರು. ಇಪ್ಪತ್ತು ದಿನಗಳ ಆ ಸಹವಾಸವೇ ಅವರ ಪಾಠಶಾಲೆಯಾಗಿತ್ತು.

ನಮ್ಮ ಮನೆಗಳಲ್ಲಿ ಏನು ನಡೆಯುತ್ತಿದೆ? "ಮಗಾ, ಬಾಂಗ್ ಆಯಿತು, ಮಸೀದಿಗೆ ಹೋಗು" ಎಂದು ತಂದೆ ಕೂತಲ್ಲಿಂದಲೇ ಹೇಳುತ್ತಾನೆ. "ನೀವು ಬರುವುದಿಲ್ಲವೇ ಅಬ್ಬಾ?" ಎಂದು ಹುಡುಗ ಕೇಳುತ್ತಾನೆ. ತಂದೆ ಮೊಬೈಲಿನಿಂದ ತಲೆಯೆತ್ತದೆ, "ನೀನು ಹೋಗು, ನಾನು ಆಮೇಲೆ ಮಾಡುತ್ತೇನೆ" ಎನ್ನುತ್ತಾನೆ. ಅಂದು ಆ ಹುಡುಗ ಕಲಿತದ್ದು ನಮಾಝನ್ನಲ್ಲ. 'ದೊಡ್ಡವನಾದ ಮೇಲೆ ನಮಾಝನ್ನು ಆಮೇಲೆ ಮಾಡಬಹುದು' ಎಂಬುದನ್ನು.

ಇನ್ನೊಂದು ಮಾತು. ಈ ಮೀನುಗಳು ಸಮುದ್ರದ ನೀರಿನಲ್ಲಿ ಬಿಟ್ಟ ಮೊಟ್ಟೆಗಳು ತೇಲಿ ಹೋಗುತ್ತವೆ. ಮರಿಗಳು ಅಲೆದಲೆದು ಯಾವುದೋ ಹವಳವನ್ನು ಸೇರುತ್ತವೆ. ಆದ್ದರಿಂದ ಹಿಂಡಿನಲ್ಲಿ ದಾರಿ ತೋರುವ ಹಿರಿಯ ಮೀನು, ಹಿಂಬಾಲಿಸುವ ಕಿರಿಯದರ ತಾಯಿಯೂ ಅಲ್ಲ, ತಂದೆಯೂ ಅಲ್ಲ. ಪ್ರಯೋಗದಲ್ಲಿ ಹೊಸಬರಿಗೆ ದಾರಿ ತೋರಿದವರೂ ಪರಕೀಯರೇ ಆಗಿದ್ದರು. ನಮ್ಮ ಮೊಹಲ್ಲಾಗಳಲ್ಲಿ ತಂದೆಯನ್ನು ಕಳೆದುಕೊಂಡ ಮಕ್ಕಳಿದ್ದಾರೆ. ತಂದೆ ಗಲ್ಫ್‌ನಲ್ಲಿದ್ದು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಮುಖ ನೋಡುವ ಮಕ್ಕಳಿದ್ದಾರೆ. ಅಂಥ ಮನೆಯಲ್ಲಿ ತಾಯಿಯೇ ಮುಂದಾಳು, ಆ ಭಾರವನ್ನು ಹೊತ್ತ ತಾಯಂದಿರಿಗೆ ಅಲ್ಲಾಹನು ಪ್ರತಿಫಲ ನೀಡಲಿ. ಆದರೆ ಮಸೀದಿಗೆ ಹೊರಟ ನೀವು ಪಕ್ಕದ ಮನೆಯ ಆ ಹುಡುಗನನ್ನು ಒಮ್ಮೆ ಕೂಗಿ ಕರೆದಿದ್ದೀರಾ? 'ಅವನು ನನ್ನ ಮಗನಲ್ಲ' ಎಂದು ಹವಳದ ಮೀನು ಹೇಳುವುದಿಲ್ಲ.

ನಾಯಕನಿಲ್ಲದ ಸಾಲು

ಹಿಂಡಿನಲ್ಲಿ ಮೀನುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದೆ, ಒಟ್ಟಿಗೇ ತಿರುಗುವುದನ್ನು ಕಂಡರೆ ಯಾರೋ ಆಜ್ಞೆ ಕೊಡುತ್ತಿರುವಂತೆ ತೋರುತ್ತದೆ. ಆದರೆ ಅಲ್ಲಿ ಆಜ್ಞಾಪಿಸುವ ದೊರೆ ಇಲ್ಲ. ಪ್ರತಿಯೊಂದು ಮೀನೂ ತನ್ನ ನೆರೆಯ ಕೆಲವು ಮೀನುಗಳನ್ನು ಗಮನಿಸುತ್ತದೆ. ತೀರಾ ಹತ್ತಿರವಾದರೆ ಸ್ವಲ್ಪ ಸರಿಯುತ್ತದೆ, ದೂರವಾದರೆ ಹತ್ತಿರ ಬರುತ್ತದೆ, ಅವು ಹೋಗುವ ದಿಕ್ಕಿಗೆ ತಾನೂ ತಿರುಗುತ್ತದೆ. ಇಷ್ಟರಿಂದಲೇ ಸಾವಿರಾರು ಮೀನುಗಳು ಒಂದೇ ದೇಹದಂತೆ ಚಲಿಸುತ್ತವೆ.

ಅದಕ್ಕೆ ಬೇಕಾದ ಸಾಧನವನ್ನೂ ಅಲ್ಲಾಹನು ಕೊಟ್ಟಿದ್ದಾನೆ. ಮೀನಿನ ಎರಡೂ ಮಗ್ಗುಲಲ್ಲಿ ತಲೆಯಿಂದ ಬಾಲದ ತನಕ ಸೂಕ್ಷ್ಮವಾದ ಒಂದು ರೇಖೆಯಿರುತ್ತದೆ. ನೀರಿನ ಸಣ್ಣ ಅಲುಗಾಟವೂ ಅದಕ್ಕೆ ತಿಳಿಯುತ್ತದೆ. 1976ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೀನಿನ ಕಣ್ಣುಗಳನ್ನು ತಾತ್ಕಾಲಿಕವಾಗಿ ಮುಚ್ಚಿದಾಗಲೂ ಅದು ಹಿಂಡಿನೊಡನೆ ಈಜಿತು. ಕಣ್ಣು ಮುಚ್ಚಿದ್ದರೂ ನೆರೆಯವನ ಅಲುಗಾಟ ಅದರ ಮೈಗೆ ತಿಳಿಯುತ್ತಿತ್ತು!

ಕಣ್ಣು ತೆರೆದಿರುವ ನಮಗೆ ನೆರೆಯವನ ಹಸಿವು ತಿಳಿಯುತ್ತದೆಯೇ? ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವನ ಮಗಳ ಮದುವೆ ಸಾಲದಲ್ಲಿ ನಿಂತುಹೋಗಿದೆ ಎಂಬುದು ನಮಗೆ ಗೊತ್ತಾಗುತ್ತದೆಯೇ? ಪ್ರವಾದಿವರ್ಯರು (ಸ) ನಮಾಝ್‌ಗೆ ಮುಂಚೆ ಸಫ್‌ಗಳನ್ನು ಸ್ವತಃ ನೇರಗೊಳಿಸುತ್ತಿದ್ದರು. ಸಾಲನ್ನು ನೇರಗೊಳಿಸದಿದ್ದರೆ ಅಲ್ಲಾಹನು ನಿಮ್ಮ ನಡುವೆ ಭಿನ್ನತೆ ಉಂಟುಮಾಡುವನೆಂದು ಎಚ್ಚರಿಸಿದರು (ಬುಖಾರಿ, ಮುಸ್ಲಿಮ್). ಸಾಲಿನ ಶಿಸ್ತು ಮಸೀದಿಯೊಳಗೆ ಆರಂಭವಾಗುತ್ತದೆ, ಆದರೆ ಚಪ್ಪಲಿ ಮೆಟ್ಟಿದ ಕೂಡಲೇ ಅದು ಮುಗಿಯುವುದಲ್ಲ.

ಹಿಂಡಿನ ಇನ್ನೊಂದು ಲಾಭ ರಕ್ಷಣೆ. ಒಟ್ಟಿಗೆ ತಿರುಗುವ ನೂರಾರು ಮೀನುಗಳ ನಡುವೆ ಒಂದನ್ನು ಗುರಿಯಿಡಲು ಬೇಟೆಯ ಮೀನು ತಡವರಿಸುತ್ತದೆ. ಹಿಂಡಿನಿಂದ ಬೇರ್ಪಟ್ಟದ್ದು ಮಾತ್ರ ಸುಲಭದ ತುತ್ತಾಗುತ್ತದೆ. ಮೂವರಿರುವ ಊರಿನಲ್ಲಿಯೂ ಜಮಾಅತ್ ನಮಾಝ್ ನಡೆಯದಿದ್ದರೆ ಶೈತಾನನು ಅವರ ಮೇಲೆ ಹಿಡಿತ ಸಾಧಿಸುತ್ತಾನೆ ಎಂದು ತಿಳಿಸಿ, ಜಮಾಅತ್‌ಗೆ ಅಂಟಿಕೊಳ್ಳಲು ಪ್ರವಾದಿವರ್ಯರು (ಸ) ಉಪದೇಶಿಸಿದರು. ಮಂದೆಯಿಂದ ದೂರವಾದ ಕುರಿಯನ್ನು ತೋಳ ತಿನ್ನುವ ಉದಾಹರಣೆಯನ್ನೂ ಕೊಟ್ಟರು (ಅಬೂದಾವೂದ್). ಮರುಭೂಮಿಯ ಜನರಿಗೆ ಕುರಿ ಮತ್ತು ತೋಳ ಕಣ್ಣೆದುರಿನ ಸಂಗತಿಯಾಗಿತ್ತು. ಕಡಲ ಬದಿಯ ನಮಗೆ ಅದೇ ಪಾಠವನ್ನು ಮೀನೂ ಹೇಳುತ್ತದೆ.

ಇಳಿಹೊತ್ತಿನ ಅಪಾಯ

ಹವಳದ ಬಂಡೆಯಲ್ಲಿ ಅತ್ಯಂತ ಅಪಾಯದ ಸಮಯ ಯಾವುದು? ನಡುರಾತ್ರಿಯೆಂದು ನೀವು ಭಾವಿಸಬಹುದು. ಆದರೆ ಅದು ಮುಸ್ಸಂಜೆ. ಎಡ್ಮಂಡ್ ಹಾಬ್ಸನ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಕಡಲಲ್ಲಿ ಇದನ್ನು ಗಮನಿಸಿ 1972ರಲ್ಲಿ ಬರೆದರು. ಸೂರ್ಯ ಮುಳುಗಿದಾಗ ಹಗಲಿನ ಮೀನುಗಳು ಬಂಡೆಯ ಸಂದುಗಳಲ್ಲಿ ಅಡಗುತ್ತವೆ. ರಾತ್ರಿಯ ಮೀನುಗಳು ಇನ್ನೂ ಹೊರಬಂದಿರುವುದಿಲ್ಲ. ಈ ನಡುವೆ ಸುಮಾರು 15-20 ನಿಮಿಷ ಬಂಡೆಯ ಮೇಲಿನ ನೀರು ಖಾಲಿಯಾಗಿ, ಸ್ತಬ್ಧವಾಗಿರುತ್ತದೆ. ಆಗ ತಿರುಗಾಡುವವು ಬೇಟೆಯ ಮೀನುಗಳು. ಹಗಲಿನ ಬೆಳಕಿಗೆ ಹೊಂದಿದ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ಆ ಸ್ವಲ್ಪ ಹೊತ್ತಿನಲ್ಲಿ ಸಣ್ಣ ಮೀನಿಗೆ ಸರಿಯಾಗಿ ಕಾಣಿಸುವುದಿಲ್ಲ. ಬೇಟೆಗಾರನ ಕಣ್ಣಿಗಾದರೋ ಆ ಮಂದ ಬೆಳಕೇ ಅನುಕೂಲ.

ಈಗ ಜಾಬಿರ್ (ರ) ವರದಿ ಮಾಡಿದ ಹದೀಸನ್ನು ನೆನಪಿಸಿಕೊಳ್ಳಿರಿ. ಇರುಳು ಕವಿಯುವಾಗ ಮಕ್ಕಳನ್ನು ಹೊರಗೆ ಬಿಡದೆ ತಡೆದಿಡಲು ಪ್ರವಾದಿವರ್ಯರು (ಸ) ಆದೇಶಿಸಿದರು. ಆ ಹೊತ್ತಿನಲ್ಲಿ ಶೈತಾನರು ಹರಡಿಕೊಳ್ಳುತ್ತಾರೆಂದೂ, ಸ್ವಲ್ಪ ಸಮಯ ಕಳೆದ ಬಳಿಕ ಮಕ್ಕಳನ್ನು ಬಿಡಬಹುದೆಂದೂ ತಿಳಿಸಿದರು (ಬುಖಾರಿ, ಮುಸ್ಲಿಮ್). ನಾವು ಹದೀಸನ್ನು ನಂಬಲು ಮೀನಿನ ಸಾಕ್ಷ್ಯ ಬೇಕಾಗಿಲ್ಲ. ಪ್ರವಾದಿಯವರ (ಸ) ಮಾತೇ ನಮಗೆ ಸಾಕು. ಆದರೆ ಬೆಳಕು ಮತ್ತು ಕತ್ತಲೆಯ ನಡುವಿನ ಹೊತ್ತು ಸೃಷ್ಟಿಯಲ್ಲೇ ಎಚ್ಚರಿಕೆಯ ಹೊತ್ತಾಗಿರುವುದನ್ನು ಕಂಡಾಗ ವಿಶ್ವಾಸಿಯ ಹೃದಯ ಇನ್ನಷ್ಟು ಬಾಗುತ್ತದೆ.

ಹಿಂದೆ ನಮ್ಮ ಮನೆಗಳಲ್ಲಿ ಮಗ್ರಿಬ್ ಎಂದರೆ ಒಂದು ಕಟ್ಟಳೆಯಿತ್ತು. ಆಟ ನಿಲ್ಲುತ್ತಿತ್ತು. ಕೈಕಾಲು ತೊಳೆದು ಮಕ್ಕಳು ಒಳಗೆ ಬರುತ್ತಿದ್ದರು. ನಮಾಝ್ ಆದ ಬಳಿಕ ಅಜ್ಜಿಯ ಸುತ್ತ ಕೂತು ಕುರ್‌ಆನ್ ಓದುತ್ತಿದ್ದರು. ಇಂದು ಹೆಣ್ಣುಮಕ್ಕಳನ್ನು ಒಳಗೆ ಕರೆಯುತ್ತೇವೆ, ಗಂಡುಮಕ್ಕಳು ಎಲ್ಲಿದ್ದಾರೆಂದು ಕೇಳುವುದಿಲ್ಲ. ಬೈಕಿನ ಮೇಲೆ, ಅಂಗಡಿಯ ಮುಂದೆ, ಅಮಲು ಪದಾರ್ಥ ಮಾರುವವರು ಎಳೆಯರನ್ನು ಹುಡುಕುವ ಮೂಲೆಗಳಲ್ಲಿ ಅವರ ಮುಸ್ಸಂಜೆ ಕಳೆಯುತ್ತದೆ. ಇನ್ನು ಕೆಲವರು ಮನೆಯೊಳಗೇ ಇದ್ದಾರೆ, ಬಾಗಿಲು ಮುಚ್ಚಿ ಮೊಬೈಲ್ ಹಿಡಿದಿದ್ದಾರೆ. ದೇಹ ಒಳಗಿದ್ದು ಮನಸ್ಸು ಹಿಂಡಿನಿಂದ ದೂರ ಹೋಗಿರುತ್ತದೆ. ಬೇಟೆಗಾರನಿಗೆ ಬೇಕಾದುದೂ ಅದೇ. ಹದಿಹರೆಯವೂ ಒಂದು ಮುಸ್ಸಂಜೆಯೇ. ಬಾಲ್ಯದ ಕಣ್ಣು ಮುಚ್ಚಿರುತ್ತದೆ, ಪ್ರೌಢತೆಯ ಕಣ್ಣು ಇನ್ನೂ ತೆರೆದಿರುವುದಿಲ್ಲ. ಆ ಹೊತ್ತಿನಲ್ಲಿ ಮಗ ಬೈಗುಳ ತಿಂದು ಹಿಂಡು ಬಿಟ್ಟು ಹೋಗದಂತೆ, ಪ್ರೀತಿಯಿಂದ ಹತ್ತಿರ ಇಟ್ಟುಕೊಳ್ಳಬೇಕಾದ ಹೊಣೆ ನಮ್ಮದು.

ತಪ್ಪು ದಾರಿಯೂ ಬಳುವಳಿಯಾಗುತ್ತದೆ

'ಹಿರಿಯರನ್ನು ಅನುಸರಿಸಬೇಕು' ಎಂದಾಗ ವಿವೇಕವುಳ್ಳ ಓದುಗರು ಒಂದು ಆಕ್ಷೇಪ ಎತ್ತಬಹುದು. ಪೂರ್ವಿಕರ ಅಂಧಾನುಕರಣೆಯನ್ನು ಕುರ್‌ಆನ್ ಖಂಡಿಸಿದೆಯಲ್ಲವೇ? ಹೌದು. ಪೂರ್ವಿಕರು ವಿವೇಚಿಸದವರೂ ಸನ್ಮಾರ್ಗ ಕಾಣದವರೂ ಆಗಿದ್ದರೂ ಅವರನ್ನೇ ಅನುಸರಿಸುವಿರಾ ಎಂದು ಅಲ್ ಬಕರಃ ಅಧ್ಯಾಯದ 170ನೆಯ ಸೂಕ್ತ ಪ್ರಶ್ನಿಸುತ್ತದೆ.

ಮೀನಿನಲ್ಲಿ ಇದಕ್ಕೂ ದೃಷ್ಟಾಂತವಿದೆ. ಗಪ್ಪಿ ಎಂಬ ಸಿಹಿನೀರಿನ ಚಿಕ್ಕ ಮೀನುಗಳ ಮೇಲೆ ನಡೆಸಿದ ಪ್ರಯೋಗವೊಂದು 1998ರಲ್ಲಿ ಪ್ರಕಟವಾಯಿತು. ಆಹಾರಕ್ಕೆ ಹೋಗಲು ಹತ್ತಿರದ ದಾರಿ, ಸುತ್ತು ದಾರಿ ಎರಡೂ ಇದ್ದವು. ಕೆಲವು ಮೀನುಗಳಿಗೆ ಸುತ್ತು ದಾರಿಯನ್ನೇ ಅಭ್ಯಾಸ ಮಾಡಿಸಲಾಗಿತ್ತು. ಅವುಗಳ ಜೊತೆ ಸೇರಿದ ಹೊಸ ಮೀನುಗಳೂ ಸುತ್ತು ದಾರಿಯನ್ನೇ ಕಲಿತವು. ಕಲಿಸಿದ ಮೀನುಗಳನ್ನೆಲ್ಲ ಒಂದೊಂದಾಗಿ ತೆಗೆದ ಬಳಿಕವೂ ಉಳಿದವು ಅದೇ ಸುತ್ತು ದಾರಿಯಲ್ಲಿ ಹೋಗುತ್ತಿದ್ದವು.

ವರದಕ್ಷಿಣೆ ನಮಗೆ ಯಾವ ಗ್ರಂಥದಿಂದ ಬಂತು? ಸಾಲ ಮಾಡಿ ನಡೆಸುವ ಆಡಂಬರದ ಮದುವೆ ಯಾರ ಸುನ್ನತ್? ಮೊದಲು ಆ ದಾರಿ ಹಿಡಿದವರು ಎಂದೋ ತೀರಿಕೊಂಡಿದ್ದಾರೆ. ನಾವು ಮಾತ್ರ 'ನಮ್ಮಲ್ಲಿ ಹೀಗೆಯೇ' ಎನ್ನುತ್ತಾ ಸುತ್ತು ದಾರಿಯಲ್ಲಿ ಮಕ್ಕಳನ್ನೂ ಕರೆದೊಯ್ಯುತ್ತಿದ್ದೇವೆ. ಮೀನಿಗೆ ಒರೆಗಲ್ಲು ಇಲ್ಲ, ಮುಂದಿರುವವನೇ ಅದಕ್ಕೆ ಪ್ರಮಾಣ. ನಮಗಾದರೋ ಕುರ್‌ಆನ್ ಮತ್ತು ಸುನ್ನತ್ ಎಂಬ ಒರೆಗಲ್ಲು ಇದೆ. ಮಗು ಮುಂದಿರುವವರನ್ನು ಹಿಂಬಾಲಿಸಿಯೇ ತೀರುತ್ತದೆ. ಆದುದರಿಂದ ತಾನು ಹಿಡಿದ ದಾರಿಯನ್ನು ಪರೀಕ್ಷಿಸುವ ಹೊಣೆ ಮುಂದಿರುವವನದು.

ಹಿರಿಯರನ್ನು ಕಳೆದುಕೊಂಡ ಹಿಂಡು

ನಸ್ಸಾವ್ ಗ್ರೂಪರ್ ಎಂಬ ಇನ್ನೊಂದು ಹವಳದ ಮೀನಿದೆ. ನಮ್ಮ ಕರಾವಳಿಯಲ್ಲಿ ಮುರು ಎನ್ನುವ ಮೀನಿನ ಬಳಗಕ್ಕೆ ಸೇರಿದ್ದು. ವರ್ಷದ ಬಹುಭಾಗ ಒಂಟಿಯಾಗಿರುವ ಈ ದೊಡ್ಡ ಮೀನು, ಚಳಿಗಾಲದ ಹುಣ್ಣಿಮೆಯ ಆಸುಪಾಸಿನಲ್ಲಿ ಹತ್ತಾರು ಕಿಲೋಮೀಟರ್ ಈಜಿ, ಮೊಟ್ಟೆಯಿಡಲು ಒಂದು ಗೊತ್ತಾದ ಜಾಗಕ್ಕೆ ಬಂದು ಸೇರುತ್ತದೆ. 1972ರಲ್ಲಿ ಪ್ರಕಟವಾದ ವರದಿಯೊಂದು ಬಹಾಮಾ ದ್ವೀಪಗಳ ಬಿಮಿನಿಯಲ್ಲಿ 30,000ದಿಂದ 1,00,000ದಷ್ಟು ಮೀನುಗಳು ಒಂದೆಡೆ ಸೇರಿದ್ದನ್ನು ವಿವರಿಸಿತ್ತು. ಎಳೆಯ ಮೀನುಗಳು ಹಿರಿಯವನ್ನು ಹಿಂಬಾಲಿಸಿ ಆ ಜಾಗವನ್ನು ಕಲಿಯುತ್ತವೆಂದು ವಿಜ್ಞಾನಿಗಳು ಭಾವಿಸುತ್ತಾರೆ.

ಯಾವ ದಿನ, ಎಲ್ಲಿ ಸೇರುತ್ತವೆಂಬುದು ಮೀನುಗಾರರಿಗೂ ತಿಳಿಯಿತು. ಕೆಲವೇ ದಿನಗಳಲ್ಲಿ ಸಾವಿರಾರು ಮೀನು! ಯಾರು ಬಿಟ್ಟಾರು? ವರ್ಷ ವರ್ಷವೂ ಹಿಡಿದರು. ಒಂದೊಂದಾಗಿ ಅಂಥ ಜಾಗಗಳು ಬರಿದಾದವು. ದಾರಿ ಬಲ್ಲ ಹಿರಿಯ ಮೀನುಗಳು ಮುಗಿದ ಮೇಲೆ, ಉಳಿದ ಕಿರಿಯವಕ್ಕೆ ಎಲ್ಲಿಗೆ ಹೋಗಬೇಕೆಂದು ತೋರಿಸುವವರಿರಲಿಲ್ಲ. ಇಂದು ಈ ಮೀನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಇದನ್ನು ಓದುವಾಗ ಅಲ್ ಅಅ್‌ರಾಫ್ ಅಧ್ಯಾಯದ 163ರಿಂದ 166ರ ತನಕದ ಸೂಕ್ತಗಳಲ್ಲಿರುವ ಕಡಲ ತೀರದ ಊರು ನೆನಪಾಗುವುದಿಲ್ಲವೇ? ಸಬ್ತ್‌ನ ದಿನ ಅವರಿಗೆ ಮೀನು ಹಿಡಿಯುವುದು ನಿಷಿದ್ಧವಾಗಿತ್ತು. ಅದೇ ದಿನ ಮೀನುಗಳು ಕಣ್ಣಿಗೆ ಕಾಣುವಂತೆ ಬರುತ್ತಿದ್ದವು, ಉಳಿದ ದಿನಗಳಲ್ಲಿ ಬರುತ್ತಿರಲಿಲ್ಲ. ಅದೊಂದು ಪರೀಕ್ಷೆಯಾಗಿತ್ತು. ಆ ಊರಿನಲ್ಲಿ ಮೂರು ಬಗೆಯ ಜನರಿದ್ದರು. ಕೆಲವರು ಮಿತಿ ಮೀರಿದರು. ಕೆಲವರು ಅವರನ್ನು ತಡೆದರು. ಇನ್ನು ಕೆಲವರು, ನಾಶವಾಗಲಿರುವವರಿಗೆ ಉಪದೇಶ ಏಕೆ ಎಂದು ತಡೆಯುವವರನ್ನೇ ಪ್ರಶ್ನಿಸಿದರು. ಶಿಕ್ಷೆ ಎರಗಿದಾಗ ಕೆಡುಕಿನಿಂದ ತಡೆಯುತ್ತಿದ್ದವರು ರಕ್ಷಿಸಲ್ಪಟ್ಟರು.

ಸಮುದ್ರ ತುಂಬಿ ಬಂದಾಗ ಕೈ ತಡೆಯುವುದು ಸುಲಭವಲ್ಲ. ಆದರೆ ತಡೆದವರಿಗೆ ಫಲವೂ ಇದೆ. ಕೇಮನ್ ದ್ವೀಪಗಳಲ್ಲಿ ಒಂದಾದ ಲಿಟಲ್ ಕೇಮನ್‌ನಲ್ಲಿ 2001ರಲ್ಲಿ ಗ್ರೂಪರ್ ಸೇರುವ ಜಾಗ ಪತ್ತೆಯಾಗಿ, ಎರಡು ವರ್ಷ ಯಥೇಚ್ಛವಾಗಿ ಮೀನು ಹಿಡಿಯಲಾಯಿತು. 2003ರಲ್ಲಿ ಸರಕಾರ ಅದನ್ನು ನಿಷೇಧಿಸಿತು. ಅಲ್ಲಿನ ಮೀನುಗಳ ಸಂಖ್ಯೆ ಮೂರು ಪಟ್ಟಿಗಿಂತಲೂ ಹೆಚ್ಚಾಗಿದೆಯೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ದಾರಿ ಬಲ್ಲ ಕೆಲವಾದರೂ ಹಿರಿಯವು ಉಳಿದಿದ್ದರೆ ಹಿಂಡು ಮತ್ತೆ ಕೂಡುತ್ತದೆ.

ಮೀನುಗಾರಿಕೆಯಲ್ಲಿ ತೊಡಗಿರುವ ನಮ್ಮ ಸಹೋದರರೂ ಇದನ್ನು ಯೋಚಿಸಬೇಕು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯಬಾರದೆಂಬ ನಿಯಮವಿದೆ. ತೀವ್ರ ಬೆಳಕು ಹಾಯಿಸಿ ಮೀನನ್ನು ಸೆಳೆದು ಹಿಡಿಯುವುದನ್ನು 2017ರಲ್ಲಿ ಕೇಂದ್ರ ಸರಕಾರ ನಿಷೇಧಿಸಿತು. ಕಡಲಲ್ಲಿ ಕಾವಲುಗಾರ ಕಾಣದಿರಬಹುದು, ಅಲ್ಲಾಹನು ಕಾಣುತ್ತಾನೆ. ಮರಿಗಳನ್ನೂ ಬಳಿದು ತರುವ ಬಲೆ ನಾಳಿನ ಬಡ ಮೀನುಗಾರನ ಅನ್ನವನ್ನು ಇಂದೇ ಕಸಿಯುತ್ತದೆ. ಮಾನವರ ಕೈಗಳ ಗಳಿಕೆಯಿಂದಾಗಿ ನೆಲದಲ್ಲಿಯೂ ಕಡಲಲ್ಲಿಯೂ ಕೇಡು ಪ್ರಕಟವಾಗುವುದನ್ನು ಅರ್ರೂಮ್ ಅಧ್ಯಾಯದ 41ನೆಯ ಸೂಕ್ತ ನೆನಪಿಸುತ್ತದೆ.

ಹಿರಿಯರನ್ನು ಕಳೆದುಕೊಳ್ಳುವುದು ಮೀನಿಗೆ ಬಲೆಯಿಂದ. ನಮಗೆ? ಅಜ್ಜ ಅಜ್ಜಿಯರು ಬದುಕಿರುವಾಗಲೇ ನಾವು ಅವರನ್ನು ಕಳೆದುಕೊಳ್ಳುತ್ತಿದ್ದೇವೆ. ಅವರು ಒಳಕೋಣೆಯಲ್ಲಿ, ಮಕ್ಕಳು ಹೊರಕೋಣೆಯಲ್ಲಿ. ಅವರ ಬಳಿ ಇದ್ದ ದುಆಗಳು, ಹಿತವಚನಗಳು, ಕಷ್ಟದ ದಿನಗಳಲ್ಲಿ ಹಲಾಲ್ ಬಿಟ್ಟು ಹೋಗದ ಕತೆಗಳು ಅವರೊಂದಿಗೇ ಮಣ್ಣು ಸೇರುತ್ತಿವೆ. ಪ್ರವಾದಿ ಯಅ್‌ಕೂಬ್ (ಅ) ಮರಣ ಸಮೀಪಿಸಿದಾಗ ಮಕ್ಕಳನ್ನು ಸೇರಿಸಿ ಕೇಳಿದ್ದು ಆಸ್ತಿಯ ವಿಷಯವಲ್ಲ. ತನ್ನ ಬಳಿಕ ಅವರು ಯಾರನ್ನು ಆರಾಧಿಸುವರೆಂದು ಕೇಳಿದರು (ಅಲ್ ಬಕರಃ: 133).

ನೆಲೆಸಿದ 'ಜಾಗಕ್ಕೆ ಒಳಿತು

ಮತ್ತೆ ಸೇಂಟ್ ಕ್ರಾಯ್‌ನ ಆ ಗ್ರಂಟ್ ಮೀನುಗಳಿಗೆ ಬರೋಣ. 1983ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಒಂದು ಸೋಜಿಗದ ಸಂಗತಿಯನ್ನು ಹೊರಗೆಡಹಿತು. ರಾತ್ರಿ ಹುಲ್ಲಿನ ಬಯಲಿನಲ್ಲಿ ತಿಂದು ಬಂದ ಮೀನುಗಳು ಹಗಲು ಹವಳದ ಬಳಿ ನಿಂತಾಗ, ಅವುಗಳ ಮೈಯಿಂದ ಹೊರಬೀಳುವ ತ್ಯಾಜ್ಯದಲ್ಲಿ ಹವಳಕ್ಕೆ ಬೇಕಾದ ಪೋಷಕಾಂಶಗಳಿರುತ್ತವೆ. ಮೀನಿನ ಹಿಂಡು ನೆಲೆಸಿದ ಹವಳ, ಹಿಂಡಿಲ್ಲದ ಹವಳಕ್ಕಿಂತ ಬೇಗ ಬೆಳೆಯುತ್ತದೆ!

ಅಂದರೆ ಆ ಹಿಂಡು ತನ್ನ ಆಶ್ರಯದಾತನನ್ನು ಬರಿದು ಮಾಡುವುದಿಲ್ಲ. ದೂರ ಹೋಗಿ ದುಡಿದು ತಂದುದರಿಂದ ತಾನು ನಿಂತ ಜಾಗವನ್ನೇ ಬೆಳೆಸುತ್ತದೆ. ನಮ್ಮ ಬೀದಿಯಲ್ಲಿ ಹಿಂದೂ, ಕ್ರೈಸ್ತ ನೆರೆಯವರಿದ್ದಾರೆ. ನಾವು ಅಲ್ಲಿ ನೆಲೆಸಿದುದರಿಂದ ಆ ಬೀದಿಗೆ ಒಳಿತಾಯಿತೇ? ನಮ್ಮ ಅಂಗಡಿಯ ತೂಕ ಸರಿಯಾಗಿದೆಯೆಂದು, ನಮ್ಮ ಹುಡುಗರು ಇರುವ ದಾರಿಯಲ್ಲಿ ಹೆಣ್ಣುಮಕ್ಕಳು ನಿರ್ಭಯವಾಗಿ ನಡೆಯಬಹುದೆಂದು, ಆಸ್ಪತ್ರೆಯಲ್ಲಿ ರಕ್ತ ಬೇಕಾದಾಗ ನಮ್ಮ ಬಾಗಿಲು ತಟ್ಟಬಹುದೆಂದು ಅವರು ಹೇಳುತ್ತಾರೆಯೇ? ಒಂದು ಉಮ್ಮತ್ ಜೀವಂತವಾಗಿದೆ ಎಂಬುದಕ್ಕೆ ಅದೂ ಒಂದು ಗುರುತು.

ಪ್ರಿಯರೇ, ಇಂದು ಸಂಜೆಯಿಂದಲೇ ಆರಂಭಿಸಬಹುದಾದ ಕೆಲಸಗಳಿವೆ. ಮಗ್ರಿಬ್ ಬಾಂಗ್ ಕೇಳಿದಾಗ ಮಗನನ್ನು ಕಳುಹಿಸಬೇಡಿ, ಕರೆದುಕೊಂಡು ಹೋಗಿ. ನಮಾಝ್‌ನ ಬಳಿಕ ಅರ್ಧ ಗಂಟೆಯಾದರೂ ಮನೆಯ ಎಲ್ಲ ಮೊಬೈಲುಗಳನ್ನು ಬದಿಗಿರಿಸಿ, ಅಜ್ಜ ಅಜ್ಜಿಯರನ್ನು ನಡುವೆ ಕೂರಿಸಿ ಒಂದೆರಡು ಸೂಕ್ತಗಳನ್ನು ಅರ್ಥಸಹಿತ ಓದಿರಿ. ತಾಯಂದಿರೇ, ಸುಬ್‌ಹಿಗೆ ಎದ್ದಾಗ ಮಗಳನ್ನೂ ಮೃದುವಾಗಿ ತಟ್ಟಿ ಎಬ್ಬಿಸಿ ನಿಮ್ಮ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿರಿ. ತಂದೆಯಿಲ್ಲದ ಒಂದು ಮಗುವನ್ನು ನಿಮ್ಮ ಸಾಲಿಗೆ ಸೇರಿಸಿಕೊಳ್ಳಿರಿ. ನಿಮ್ಮಲ್ಲಿ ಪ್ರತಿಯೊಬ್ಬನೂ ಮೇಲ್ವಿಚಾರಕ, ತನ್ನ ಅಧೀನದಲ್ಲಿರುವವರ ಬಗ್ಗೆ ಪ್ರತಿಯೊಬ್ಬನೂ ಪ್ರಶ್ನಿಸಲ್ಪಡುವನು ಎಂಬುದು ಪ್ರವಾದಿವರ್ಯರ (ಸ) ಎಚ್ಚರಿಕೆ.

ಒಂದು ದಿನ ನಾವೆಲ್ಲರೂ ಈ ಬಂಡೆಯಿಂದ ತೆಗೆಯಲ್ಪಡುತ್ತೇವೆ. ಆ ಸಂಜೆ ನಮ್ಮ ಮಕ್ಕಳು ಯಾವ ದಾರಿಯಲ್ಲಿ ಹೊರಡುತ್ತಾರೆ ಎಂಬುದು, ಇಂದು ಅವರ ಮುಂದೆ ನಾವು ಹೇಗೆ ನಡೆಯುತ್ತಿದ್ದೇವೆ ಎಂಬುದರಲ್ಲಿದೆ.

ಕರುಣಾಮಯನಾದ ಅಲ್ಲಾಹನು ನಮ್ಮನ್ನು ಸನ್ಮಾರ್ಗದಲ್ಲಿ ಮುಂದೆ ಸಾಗುವವರನ್ನಾಗಿ ಮಾಡಲಿ. ನಮ್ಮ ಸಂತತಿಯನ್ನು ಆ ಮಾರ್ಗದಲ್ಲಿ ಸ್ಥಿರವಾಗಿ ಇರಿಸಲಿ. ದಾರಿ ತಪ್ಪಿದವರನ್ನು ಮರಳಿ ಸಾಲಿಗೆ ಸೇರಿಸಲಿ. ಇಹದಲ್ಲಿ ಒಂದೇ ಸಫ್‌ನಲ್ಲಿ ನಿಂತ ನಮ್ಮ ಕುಟುಂಬಗಳನ್ನು ಪರಲೋಕದಲ್ಲಿಯೂ ಒಟ್ಟುಗೂಡಿಸಲಿ. ಆಮೀನ್.